ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಬೆಟ್ಟದಪುರದ ಅಸ್ಥಿಪಂಜರ ಮತ್ತು ಸಾಕ್ಷಿಯ ನೆನಪು

ಊರಲ್ಲಿ ಕಳ್ಳತನವೋ ಕೊಲೆಯೋ ಆಗಿ ಯಾರಾದರೂ ಸಿಕ್ಕಿಬಿದ್ದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, "ಇಂಥವರ ಮುಖಕ್ಕೆ ಯಾಕೆ ಬಟ್ಟೆ ಸುತ್ತಬೇಕು? ಮುಖ ತೋರಿಸಿ, ಎಲ್ಲರಿಗೂ ಶೇರ್ ಮಾಡಿ." ಇನ್ನೊಂದು, "ಕಣ್ಣಾರೆ ಕಂಡವರೇ ಇದ್ದಾರೆ, ಇನ್ನೇನು ವಿಚಾರಣೆ?" ಎರಡರ ಹಿಂದೆಯೂ ಒಂದೇ ನಂಬಿಕೆ ಇದೆ. ಕಣ್ಣಿಂದ ನೋಡಿದ್ದು ಮೊಬೈಲಿನಲ್ಲಿ ವಿಡಿಯೊ ಉಳಿದ ಹಾಗೆ ತಲೆಯಲ್ಲಿ ಉಳಿದಿರುತ್ತದೆ, ಬೇಕಾದಾಗ ತೆರೆದು ನೋಡಿದರಾಯಿತು ಎಂಬ ನಂಬಿಕೆ.

ಅದು ನಿಜವಲ್ಲ. ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಗಾದೆ ಮಾಡಿದ್ದು ಸುಮ್ಮನೆ ಅಲ್ಲ. ಕಂಡದ್ದನ್ನು ಪ್ರಮಾಣಿಸಿ ನೋಡದೆ ಹೋದರೆ ಏನಾಗುತ್ತದೆ ಎಂದು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದವರೆಗೆ ಹೋದರೆ ಸಾಕು.

ಸತ್ತವಳು ಹೋಟೆಲಿನಲ್ಲಿ ಸಿಕ್ಕಳು

ಕೊಡಗಿನ ಕುಶಾಲನಗರ ತಾಲ್ಲೂಕಿನ ಆದಿವಾಸಿ ಸಮುದಾಯದ ಒಬ್ಬ ಕೂಲಿಕಾರ್ಮಿಕನ ಹೆಂಡತಿ ಮನೆಬಿಟ್ಟು ಹೋದಳು. ಆಕೆ ಕಾಣೆಯಾಗಿದ್ದಾಳೆ ಎಂದು ಪೊಲೀಸರಿಗೆ ದೂರು ಕೊಟ್ಟವನೂ ಆತನೇ. ಇತ್ತ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತು. ಅದು ಕಾಣೆಯಾದ ಆ ಹೆಂಗಸಿನದೇ ಎಂದು ಪೊಲೀಸರು ತೀರ್ಮಾನಿಸಿದರು. ಗುರುತಿಸಲು ಮನೆಯವರನ್ನು ಕರೆದೊಯ್ದರು. ಗಂಡನ ಮೇಲೆ ಕೊಲೆ ಮೊಕದ್ದಮೆ ಬಿತ್ತು. ಆತ ಒಂದೂವರೆ ವರ್ಷದಷ್ಟಾದರೂ ಜೈಲಿನಲ್ಲಿ ಕಳೆದ.

ಮುಂದೆ ಮೂಳೆಯ ಡಿಎನ್‌ಎಯನ್ನು ಆಕೆಯ ತಾಯಿಯ ರಕ್ತದ ಮಾದರಿಯ ಜೊತೆ ಹೋಲಿಸಿ ನೋಡಿದಾಗ ಹೊಂದಿಕೆಯಾಗಲಿಲ್ಲ. ಆದರೂ ಕೇಸು ಮುಂದುವರಿಯಿತು. 2025ರ ಏಪ್ರಿಲ್ ಆರಂಭದಲ್ಲಿ ಆತನ ಪರಿಚಯದವರು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆಕೆಯನ್ನು ಕಂಡರು. ಆಕೆ ಬದುಕಿದ್ದಳು, ಬೇರೊಬ್ಬರ ಜೊತೆ ಸಂಸಾರ ಮಾಡಿಕೊಂಡಿದ್ದಳು. ಆಕೆಯನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಅದೇ ತಿಂಗಳು ನ್ಯಾಯಾಲಯ ಗಂಡನನ್ನು ಗೌರವಯುತವಾಗಿ ಬಿಡುಗಡೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆ ಮೊತ್ತ ಸಾಲದು ಎಂದು ಆತ ಹೈಕೋರ್ಟಿನ ಮೆಟ್ಟಿಲು ಹತ್ತಿದ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಪ್ರಕರಣವನ್ನು "ಪಾಪ, ಯಾರೋ ಗುರುತು ಹಿಡಿಯುವಾಗ ತಪ್ಪಾಯಿತು" ಎಂದು ಮುಗಿಸಿಬಿಡುವುದು ಅನ್ಯಾಯ. ತನಿಖೆಯೇ ಉತ್ತರವನ್ನು ಮೊದಲು ಬರೆದುಕೊಂಡು ಲೆಕ್ಕವನ್ನು ಆಮೇಲೆ ಮಾಡಿದಂತಿತ್ತು. ಆದರೆ ಗುರುತಿಸುವಿಕೆ ಹೇಗೆ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಮಾಂಸ ಕರಗಿ ಹೋದ ಮೂಳೆಗಳಲ್ಲಿ ಮುಖವಿಲ್ಲ. ಜೊತೆಗೆ ಸೀರೆಯೋ ಲಂಗವೋ ಚಪ್ಪಲಿಯೋ ಸಿಕ್ಕರೂ, ಅಂಥದ್ದೇ ಸೀರೆ ಸಂತೆಯಲ್ಲಿ ನೂರು ಜನಕ್ಕೆ ಮಾರಾಟವಾಗಿರುತ್ತದೆ. ಮನೆಯ ಹೆಣ್ಣುಮಗಳು ಸಿಗದೆ ಕಂಗಾಲಾದವರನ್ನು, ಕಾನೂನು ಕಟ್ಟಳೆ ಗೊತ್ತಿಲ್ಲದವರನ್ನು, ಖಾಕಿ ಬಟ್ಟೆಯವರ ನಡುವೆ ನಿಲ್ಲಿಸಿ "ಇದು ಅವಳದೇ ತಾನೆ?" ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಅದರೊಳಗೇ ಉತ್ತರ ಇದೆ. "ಇದನ್ನು ಮೊದಲು ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸದ ಮೇಲೆ ಒಬ್ಬನ ಜೀವನ ನಿಂತಿರುತ್ತದೆ.

ಇನ್ನೂ ಒಂದು ವಿಷಯವಿದೆ, ಸುದ್ದಿಯ ಗದ್ದಲದಲ್ಲಿ ಅದು ಹಿಂದೆ ಸರಿಯಿತು. ಬೆಟ್ಟದಪುರದಲ್ಲಿ ಸಿಕ್ಕ ಮೂಳೆಗಳೂ ಒಬ್ಬ ಮನುಷ್ಯಳದ್ದೇ. ತಪ್ಪು ಗುರುತು ಹಿಡಿದ ದಿನವೇ, ಆಕೆ ಯಾರು, ಹೇಗೆ ಸತ್ತಳು ಎಂದು ಹುಡುಕುವ ದಾರಿಯೂ ಮುಚ್ಚಿಕೊಂಡಿತು.

ನೆನಪು ವಿಡಿಯೊ ಅಲ್ಲ, ಹೇಳಿದಾಗಲೆಲ್ಲ ಹೊಸದಾಗಿ ಕಟ್ಟುವ ಕತೆ

1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಎಲ್ಲರೂ ನೋಡಿದ್ದು ಒಂದೇ ದೃಶ್ಯ. ಬದಲಾದದ್ದು ಪ್ರಶ್ನೆಯಲ್ಲಿನ ಒಂದು ಪದ ಮಾತ್ರ. "ಗುದ್ದಿ ನುಜ್ಜುಗುಜ್ಜಾದಾಗ" ಎಷ್ಟು ವೇಗ ಇತ್ತು ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 65 ಕಿ.ಮೀ. ಎಂದರು. "ತಾಗಿದಾಗ" ಎಂದು ಕೇಳಿಸಿಕೊಂಡವರು ಸುಮಾರು 51 ಕಿ.ಮೀ. ಎಂದರು. ಎರಡನೇ ಪ್ರಯೋಗ ಇನ್ನೂ ವಿಚಿತ್ರ. ಒಂದು ವಾರ ಬಿಟ್ಟು, "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದರು. ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೆ "ನುಜ್ಜುಗುಜ್ಜು" ಎಂಬ ಪದ ಕಿವಿಗೆ ಬಿದ್ದಿದ್ದ 50 ಜನರಲ್ಲಿ 16 ಮಂದಿ ನೋಡಿದೆವು ಎಂದರು. ಸೌಮ್ಯ ಪದ ಕೇಳಿದ್ದ 50 ಜನರಲ್ಲಿ ಹಾಗೆಂದವರು 7 ಮಂದಿ.

ಇವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಈ ವಿಷಯದಲ್ಲಿ ಜನರಿಗೆ ಅರ್ಥವಾಗಲು ಕಷ್ಟವಾಗುವುದು ಇದೊಂದೇ. ಸಾಕ್ಷಿ ಒಂದೋ ನಿಜ ಹೇಳುತ್ತಾನೆ, ಇಲ್ಲವೇ ದುಡ್ಡು ತಿಂದು ಸುಳ್ಳು ಹೇಳುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಮೂರನೆಯ ಸಾಧ್ಯತೆಯೂ ಇದೆ: ದೇವರ ಮೇಲೆ ಆಣೆ ಮಾಡಿ, ಮನಸಾರೆ ನಂಬಿ, ತಪ್ಪು ಹೇಳುವುದು.

ಹೀಗೇಕೆ ಆಗುತ್ತದೆ? ಒಂದು ಘಟನೆ ನಡೆದಾಗ ಮಿದುಳು ಎಲ್ಲವನ್ನೂ ಉಳಿಸಿಕೊಳ್ಳುವುದಿಲ್ಲ. ಗಮನ ಹರಿದದ್ದನ್ನು ಮಾತ್ರ ಚೂರುಚೂರಾಗಿ ಹಿಡಿದಿಡುತ್ತದೆ. ನೆನಪಿಸಿಕೊಳ್ಳುವಾಗ ಆ ಚೂರುಗಳನ್ನು ಜೋಡಿಸಿ, ನಡುವಿನ ಖಾಲಿ ಜಾಗಗಳನ್ನು ಅಂದಾಜಿನಿಂದ, ಆಮೇಲೆ ಕೇಳಿದ ಮಾತಿನಿಂದ, ಟಿವಿಯಲ್ಲಿ ನೋಡಿದ್ದರಿಂದ ತುಂಬಿಕೊಳ್ಳುತ್ತದೆ. ಹಾಗೆ ತುಂಬಿದ್ದು ಯಾವುದು, ನಿಜಕ್ಕೂ ಕಂಡದ್ದು ಯಾವುದು ಎಂದು ನಮಗೇ ಬೇರ್ಪಡಿಸಲು ಬರುವುದಿಲ್ಲ. ಅಪಘಾತವಾದ ಜಾಗದಲ್ಲಿ ಹತ್ತು ಜನ ನಿಂತು ಮಾತಾಡಿಕೊಂಡ ಮೇಲೆ, ಹತ್ತೂ ಜನಕ್ಕೆ ಒಂದೇ ಕತೆ "ನೆನಪಿರುವುದು" ಇದರಿಂದಲೇ. ಹತ್ತು ಜನ ಒಂದೇ ಮಾತು ಹೇಳಿದರು ಎಂದ ಮಾತ್ರಕ್ಕೆ ಹತ್ತು ಸಾಕ್ಷಿ ಸಿಕ್ಕಿತು ಎಂದಲ್ಲ, ಒಬ್ಬನ ಮಾತು ಹತ್ತು ಬಾಯಲ್ಲಿ ಬಂದಿರಲೂಬಹುದು.

ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಸಂಜೆ ಏಳು ಗಂಟೆ. ಕೆ.ಆರ್. ನಗರದಲ್ಲಿ ಬಸ್ಸಿಳಿದು ಮನೆ ಕಡೆ ನಡೆಯುತ್ತಿದ್ದ ಅಮ್ಮನೊಬ್ಬರ ಕುತ್ತಿಗೆಯ ಸರಕ್ಕೆ ಬೈಕಿನಲ್ಲಿ ಬಂದವನು ಕೈ ಹಾಕುತ್ತಾನೆ. ಅವನ ಕೈಯಲ್ಲಿ ಚಾಕು ಇದೆ. ಎಲ್ಲ ಮುಗಿಯಲು ಐದಾರು ಸೆಕೆಂಡು. ಆ ತಾಯಿಯ ಕಣ್ಣು ಆಗ ಇರುವುದು ಚಾಕುವಿನ ಮೇಲೆ, ಮುಖದ ಮೇಲಲ್ಲ. ಸಂಶೋಧಕರು ಇದನ್ನು ಆಯುಧದತ್ತ ಸೆಳೆತ ಎನ್ನುತ್ತಾರೆ. ಬೆಳಕು ಕಡಿಮೆ, ಹೆಲ್ಮೆಟ್ಟು ಬೇರೆ. ಗಾಬರಿಯಲ್ಲಿ ನೋಡಿದ್ದು ಚೆನ್ನಾಗಿ ಅಚ್ಚೊತ್ತುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಘಟನೆ ಮರೆಯುವುದಿಲ್ಲ ಎಂಬುದು ನಿಜ, ಆದರೆ ಮುಖದ ವಿವರ ಮಾತ್ರ ಮಸುಕಾಗುತ್ತದೆ. ಇನ್ನು, ನಾವು ದಿನಾ ನೋಡುವ ಸಮುದಾಯದ ಮುಖಗಳನ್ನು ಗುರುತಿಸಿದಷ್ಟು ಚೆನ್ನಾಗಿ ಬೇರೆ ಕಡೆಯವರ ಮುಖಗಳನ್ನು ಗುರುತಿಸಲಾರೆವು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಕಟ್ಟಡ ಕೆಲಸಕ್ಕೆ ಬಂದ ಉತ್ತರದ ಹುಡುಗರ ಬಗ್ಗೆ "ಎಲ್ಲಾ ಒಂದೇ ತರ ಕಾಣ್ತಾರೆ" ಎಂದು ಹೇಳುವಾಗ ನಾವು ಅವರ ಬಗ್ಗೆ ಅಲ್ಲ, ನಮ್ಮ ಕಣ್ಣಿನ ಅಭ್ಯಾಸದ ಬಗ್ಗೆ ಹೇಳುತ್ತಿರುತ್ತೇವೆ.

"ನನಗೆ ನೂರಕ್ಕೆ ನೂರು ಖಚಿತ" ಎಂದರೆ?

1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ, ಸುದ್ದಿಯನ್ನು ಎಲ್ಲಿ, ಹೇಗೆ, ಯಾರಿಂದ ಕೇಳಿದಿರಿ ಎಂದು ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ನಾಲ್ಕರಲ್ಲಿ ಒಂದು ಭಾಗದಷ್ಟು ಜನ ಮುಖ್ಯ ವಿವರಗಳನ್ನೆಲ್ಲ ತಪ್ಪಾಗಿ ಹೇಳಿದರು, ಅದೂ ತುಂಬು ಆತ್ಮವಿಶ್ವಾಸದಿಂದ. ಅವರದೇ ಕೈಬರಹ ತೋರಿಸಿದರೂ ಹೊಸ "ನೆನಪು" ಅಳಿಯಲಿಲ್ಲ.

ಈ ಖಚಿತತೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅಮೆರಿಕದ ರೊನಾಲ್ಡ್ ಕಾಟನ್ ಪ್ರಕರಣ ಪ್ರಸಿದ್ಧ. 1984ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿ, ಮುಂದೆ ಗುರುತು ಹಿಡಿಯಲೇಬೇಕೆಂದು ಅಪರಾಧಿಯ ಮುಖವನ್ನು ಪ್ರಯತ್ನಪಟ್ಟು ನೋಡಿಕೊಂಡಿದ್ದರು. ಪೊಲೀಸರು ತೋರಿಸಿದ ಫೋಟೊಗಳಲ್ಲಿ ಕಾಟನ್‌ನನ್ನು ಆರಿಸಿದರು, ಆಮೇಲೆ ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದರು. ಸರಿಯಾಗಿಯೇ ಹಿಡಿದಿರಿ ಎಂಬ ಅರ್ಥದ ಮಾತು ಪೊಲೀಸರಿಂದ ಬಂತು. ಅಲ್ಲಿಗೆ ಅನುಮಾನವೆಲ್ಲ ಕರಗಿತು, ಕಾಟನ್‌ನ ಮುಖವೇ ಅಪರಾಧಿಯ ಮುಖವಾಗಿ ನೆನಪಿನಲ್ಲಿ ಕೂತಿತು. ಎಷ್ಟರಮಟ್ಟಿಗೆ ಎಂದರೆ, ನಿಜವಾದ ಅಪರಾಧಿಯನ್ನೇ ಮುಂದೆ ನ್ಯಾಯಾಲಯದಲ್ಲಿ ಎದುರಿಗೆ ನಿಲ್ಲಿಸಿದಾಗ ಆಕೆ ಅವನನ್ನು ಗುರುತಿಸಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬಂದ. ಆಮೇಲೆ ಆ ಮಹಿಳೆ ಮತ್ತು ಆತ ಸೇರಿ ಈ ಬಗ್ಗೆ ಪುಸ್ತಕವನ್ನೇ ಬರೆದರು.

ಇನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಲೆಕ್ಕದಂತೆ, 1989ರಿಂದ 2020ರವರೆಗೆ ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳೆಂದು ಸಾಬೀತಾದ 375 ಜನರ ಪ್ರಕರಣಗಳಲ್ಲಿ ಶೇ 69ರಷ್ಟರಲ್ಲಿ ಪ್ರತ್ಯಕ್ಷ ಸಾಕ್ಷಿಗಳ ತಪ್ಪು ಗುರುತು ಇತ್ತು. ಇದನ್ನು ದಯವಿಟ್ಟು "ನೂರಕ್ಕೆ 69 ಸಾಕ್ಷಿಗಳು ಸುಳ್ಳು" ಎಂದು ಮಾಡಿ ಫಾರ್ವರ್ಡ್ ಮಾಡಬೇಡಿ. ಇದು ತಪ್ಪಾಗಿ ಶಿಕ್ಷೆಯಾದವರ ಲೆಕ್ಕ, ಎಲ್ಲ ಸಾಕ್ಷಿಗಳ ಲೆಕ್ಕವಲ್ಲ.

ಹಾಗಾದರೆ ಸಾಕ್ಷಿಯನ್ನು ನಂಬಲೇಬಾರದೇ? ಹಾಗೂ ಅಲ್ಲ. ಜಾನ್ ವಿಕ್ಸ್‌ಟೆಡ್ ಮತ್ತು ಗ್ಯಾರಿ ವೆಲ್ಸ್ 2017ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ನೋಡಿ ಒಂದು ಮುಖ್ಯ ಮಾತು ಹೇಳಿದರು: ಸರಿಯಾದ ವಿಧಾನದಲ್ಲಿ, ಮೊದಲ ಸಲ ಗುರುತಿಸುವಾಗಲೇ ಸಾಕ್ಷಿ "ಖಚಿತ" ಎಂದರೆ ಆ ಮಾತಿಗೆ ಸಾಕಷ್ಟು ಬೆಲೆ ಇದೆ. ಅದೇ ಸಾಕ್ಷಿ ಮೊದಲು "ಇವನೇ ಇರಬಹುದೇನೋ" ಎಂದು, ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತು "ಇವನೇ" ಎಂದರೆ ಆ ಖಚಿತತೆಗೆ ಬೆಲೆ ಕಡಿಮೆ. ನಾವು ತಲೆಕೆಳಗಾಗಿ ಮಾಡುತ್ತೇವೆ. ಕೋರ್ಟಿನಲ್ಲಿ ಬೆರಳು ತೋರಿಸಿದ ಕ್ಷಣವೇ ಸಿನಿಮಾದಲ್ಲಿಯೂ ದೊಡ್ಡದು, ಸುದ್ದಿಯಲ್ಲಿಯೂ ದೊಡ್ಡದು.

ಮುಖಕ್ಕೆ ಬಟ್ಟೆ ಯಾಕೆ?

ಈಗ ಮೊದಲಿನ ಫಾರ್ವರ್ಡಿಗೆ ಬರೋಣ. ಆರೋಪಿಯ ಮುಖಕ್ಕೆ ಮುಸುಕು ಹಾಕುವುದು ಅವನ ಮಾನ ಕಾಪಾಡಲಿಕ್ಕೆ ಮಾತ್ರ ಅಲ್ಲ. ಕೇಸು ಉಳಿಯಲಿ ಎಂದು.

ಆರೋಪಿಯ ಪರಿಚಯವಿಲ್ಲದ ಸಾಕ್ಷಿಗಳಿದ್ದರೆ ತನಿಖೆಯಲ್ಲಿ ಗುರುತು ಪರೇಡ್ ನಡೆಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ತಾಲ್ಲೂಕು ದಂಡಾಧಿಕಾರಿಗಳು, ಅಂದರೆ ತಹಶೀಲ್ದಾರರು, ಇದನ್ನು ಮಾಡಿಸುತ್ತಾರೆ. ಆರೋಪಿಯನ್ನು ಅದೇ ವಯಸ್ಸಿನ, ಅದೇ ಮೈಕಟ್ಟಿನ ಬೇರೆ ಹಲವರ ನಡುವೆ ನಿಲ್ಲಿಸಿ, ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಬೇಕು. ತನಿಖೆಯ ಪೊಲೀಸರು ಅಲ್ಲಿ ನಿಂತಿರಬಾರದು. ಅದಕ್ಕೆ ಮೊದಲೇ ಸಾಕ್ಷಿ ಆರೋಪಿಯ ಮುಖವನ್ನು ಠಾಣೆಯ ಬೆಂಚಿನ ಮೇಲೋ, ಟಿವಿಯಲ್ಲೋ, ಮೊಬೈಲಿನಲ್ಲೋ ನೋಡಿದ್ದರೆ ಪರೇಡು ವ್ಯರ್ಥ. ಅವರು ಗುರುತಿಸಿದ್ದು ಸರ ಕಿತ್ತವನನ್ನೋ, ಫೋಟೊದಲ್ಲಿ ಇದ್ದವನನ್ನೋ ಎಂದು ಆರೋಪಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳುತ್ತಾರೆ, ಉತ್ತರ ಇರುವುದಿಲ್ಲ. ನೀವು ಕೋಪದಲ್ಲಿ ಹಂಚಿದ ಫೋಟೊ ನಿಜವಾದ ಕಳ್ಳನನ್ನೇ ಬಿಡಿಸಬಹುದು.

ಪರೇಡಿನಲ್ಲಿ ಗುರುತಿಸಿದ್ದು ತಾನಾಗಿ ಪೂರ್ಣ ಪುರಾವೆಯಲ್ಲ, ಕೋರ್ಟಿನಲ್ಲಿ ಗುರುತಿಸಿದ್ದಕ್ಕೆ ಅದು ಆಸರೆ. ಆದರೆ ಆ ಆಸರೆಯಿಲ್ಲದೆ, ಪರಿಚಯವಿಲ್ಲದ ಸಾಕ್ಷಿ ಮೊದಲ ಬಾರಿಗೆ ಕೋರ್ಟಿನಲ್ಲೇ ಬೆರಳು ತೋರಿಸಿದರೆ ಅದು ದುರ್ಬಲ ಪುರಾವೆ ಎಂದು ಸುಪ್ರೀಂ ಕೋರ್ಟ್ 2002ರ ದಾನಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಕಟಕಟೆಯಲ್ಲಿ ನಿಂತಿರುವವನು ಒಬ್ಬನೇ, ಬೇರೆ ಯಾರನ್ನು ತೋರಿಸಲು ಸಾಧ್ಯ? ಇದಕ್ಕೆ ಸಮತೋಲವಾಗಿ ಇನ್ನೊಂದು ತೀರ್ಪೂ ಇದೆ. 1983ರ ಭರ್ವಾಡ ಭೋಗಿನ್‌ಭಾಯಿ ಪ್ರಕರಣದಲ್ಲಿ ನ್ಯಾಯಾಲಯ, ಸಾಕ್ಷಿಯ ನೆನಪು ವಿಡಿಯೊ ಟೇಪಿನಂತೆ ಓಡುವುದಿಲ್ಲ, ಆದ್ದರಿಂದ ಗಂಟೆ, ಅಂತರ, ಕ್ರಮದಂಥ ಸಣ್ಣಪುಟ್ಟ ವ್ಯತ್ಯಾಸಕ್ಕೆ ಇಡೀ ಸಾಕ್ಷ್ಯವನ್ನು ಎಸೆಯಬಾರದು ಎಂದಿತು. ಹಾಗಾಗಿ ಒಬ್ಬ ಹೆಣ್ಣುಮಗಳು ದೂರಿನಲ್ಲಿ ಎಂಟು ಗಂಟೆ ಎಂದು, ಕೋರ್ಟಿನಲ್ಲಿ ಒಂಬತ್ತು ಎಂದರೆ "ಸುಳ್ಳುಗಾತಿ" ಎಂದು ಕಾಮೆಂಟು ಹಾಕುವವರೂ ವಿಜ್ಞಾನಕ್ಕೆ ವಿರುದ್ಧವಾಗಿಯೇ ಇದ್ದಾರೆ.

"ನಾರ್ಕೊ ಮಾಡಿಸಿ, ಸತ್ಯ ಹೊರಬರುತ್ತದೆ" ಎಂಬುದು ಇನ್ನೊಂದು ಜನಪ್ರಿಯ ಪರಿಹಾರ. ಒಪ್ಪಿಗೆಯಿಲ್ಲದೆ ಯಾರ ಮೇಲೂ ನಾರ್ಕೊ, ಸುಳ್ಳು ಪತ್ತೆ, ಮಿದುಳು ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮಂಪರಿನಲ್ಲಿರುವವರು ಪ್ರಶ್ನೆಯ ಸುಳಿವಿಗೆ ಇನ್ನೂ ಬೇಗ ಬಾಗುತ್ತಾರೆ.

ಮುಖ ಮೊದಲು ಫೋನಿನಲ್ಲಿ ಬಂದಾಗ

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ಎಲ್ಲರ ಫೋನಿಗೂ ಬಂದಿದ್ದ ಒಂದು ವಿಡಿಯೊ, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ, ಕೊನೆಯ ಭಾಗ ಕತ್ತರಿಸಿ ಹಂಚಿದ್ದು. ಇಂಥದ್ದನ್ನು ನೋಡಿದ ಕಣ್ಣು ಬೀದಿಗಿಳಿದರೆ, ಮಗುವಿಗೆ ಚಾಕೊಲೇಟು ಕೊಡುವ ಅಪರಿಚಿತನೆಲ್ಲ ಕಳ್ಳನಾಗಿ ಕಾಣುತ್ತಾನೆ. ಆಮೇಲೆ ಕೇಳಿದರೆ "ಮಗುವನ್ನು ಎಳೆದುಕೊಂಡು ಹೋಗುವುದನ್ನು ನಾನೇ ನೋಡಿದೆ" ಎನ್ನುವವರೂ ಇರುತ್ತಾರೆ. ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದದ್ದು ಆ ವರ್ಷದ ಜುಲೈನಲ್ಲೇ.

ನಮ್ಮದೇ ಕಾಡಿನ ಒಂದು ಹೋಲಿಕೆ ಇಲ್ಲಿ ಹೇಳಬೇಕೆನಿಸುತ್ತದೆ. ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಹರಡಿರುವ ನಾಗರಹೊಳೆಯಲ್ಲಿ ಹುಲಿ ಎಣಿಕೆ ಒಂದು ಕಾಲಕ್ಕೆ ಹೆಜ್ಜೆಗುರುತಿನ ಮೇಲೆ ನಡೆಯುತ್ತಿತ್ತು. "ಇದು ಆ ಹುಲಿಯದ್ದೇ ಹೆಜ್ಜೆ" ಎಂದು ಅನುಭವಿಗಳು ಹೇಳಿದ್ದೇ ಲೆಕ್ಕ. ವಿಜ್ಞಾನಿ ಉಲ್ಲಾಸ ಕಾರಂತರು ಅದನ್ನು ಪ್ರಶ್ನಿಸಿ, ಕಾಡಿನ ದಾರಿಯಲ್ಲಿ ಕ್ಯಾಮೆರಾ ಕಟ್ಟಿ, ಪ್ರತಿ ಹುಲಿಗೂ ಬೇರೆಯಾಗಿರುವ ಮೈಪಟ್ಟೆಯನ್ನು ಹೋಲಿಸುವ ವಿಧಾನವನ್ನು 1990ರ ದಶಕದಲ್ಲಿ ಇಲ್ಲೇ ಬೆಳೆಸಿದರು. ಇವತ್ತು ಊರಿನ ಬಳಿ ದನ ಹಿಡಿದ ಹುಲಿ ಯಾವುದು ಎಂದು ತಿಳಿಯಲು ಇಲಾಖೆ ಪಟ್ಟೆಯ ಫೋಟೊ ಹೋಲಿಸುತ್ತದೆ. ಬೆಟ್ಟದಪುರದ ಪ್ರಕರಣದಲ್ಲಿ ಡಿಎನ್‌ಎ ವರದಿ ಪಟ್ಟೆಯ ಫೋಟೊದ ಹಾಗೆಯೇ ಇತ್ತು. ಅದು ಬಂದ ಮೇಲೂ ಮನುಷ್ಯರ ಗುರುತಿನ ಮೇಲೆ ಕಟ್ಟಿದ ಕೇಸು ನಿಲ್ಲಲಿಲ್ಲ ಎಂಬುದು ನಮಗೆ ಬೇಸರದ ಸಂಗತಿ.

ನೀವೇ ಸಾಕ್ಷಿಯಾದರೆ

ಘಟನೆ ಕಂಡ ಕೂಡಲೇ, ಬೇರೆಯವರೊಡನೆ ಚರ್ಚಿಸುವ ಮೊದಲೇ, ನೋಡಿದ್ದನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಫೋನಿನಲ್ಲಿ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಹೇಳಿ. ಗಾಡಿ ನಂಬರಿನ ಎರಡೇ ಅಂಕಿ ನೆನಪಿದ್ದರೆ ಎರಡನ್ನೇ ಹೇಳಿ, ಉಳಿದದ್ದನ್ನು ಊಹಿಸಿ ತುಂಬಬೇಡಿ. ಗುರುತು ಪರೇಡಿಗೆ ಕರೆದರೆ, ನೀವು ನೋಡಿದವನು ಆ ಸಾಲಿನಲ್ಲಿ ಇಲ್ಲದೇ ಇರಬಹುದು ಎಂಬುದು ನೆನಪಿರಲಿ. "ಇಲ್ಲಿ ಇಲ್ಲ" ಎನ್ನುವುದೂ, "ಗೊತ್ತಾಗುತ್ತಿಲ್ಲ" ಎನ್ನುವುದೂ ಸರಿಯಾದ ಉತ್ತರಗಳೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಪುರುಷರು, ಅಂಗವಿಕಲರು ಮತ್ತು ತೀವ್ರ ಕಾಯಿಲೆಯವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರ ಮನೆಗೆ ಬರಬೇಕು. 180ನೇ ಸೆಕ್ಷನ್ ಅಡಿ ಹೇಳಿಕೆಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಲು ಅವಕಾಶವಿದೆ, ಬೇಕಿದ್ದರೆ ಕೇಳಿ. ಪೊಲೀಸರು ತನಿಖೆಯಲ್ಲಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ನೀವು ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಕಾಗಿಲ್ಲ. ಸಹಿ ಬೇಕಾಗುವುದು ದೂರಿಗೆ, ಮತ್ತು ಪಂಚರಾಗಿ ನಿಂತ ಮಹಜರಿಗೆ. ಮಹಜರಿನಲ್ಲಿ ಏನು ಬರೆದಿದ್ದಾರೆ ಎಂದು ಓದಿಸಿಕೊಂಡ ಮೇಲೆ ಸಹಿ ಮಾಡಿ.